ಹೆಸರುಕಾಳಿನಷ್ಟು ಹಸಿರು

ಜನವರಿ ೮

ಅಣ್ಣಾ,

ಫೋನು ಮಾಡಿದರೆ ನೀನು “ಊಟ ಆಯ್ತಾ, ಚಳಿ ಇದ್ಯಾ” ಅನ್ನುವುದನ್ನು ದಾಟಿ ಮುಂದೆ ಹೋಗುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಊಟ ಆಯಿತು. ಚಳಿ ಇದೆ. ಇನ್ನು ವಿಷಯಕ್ಕೆ ಬರುತ್ತೇನೆ.

ನನಗೆ ಮೇಜು ಸಿಕ್ಕಿತು. ಮೇಜು ಅಂದರೆ ನಮ್ಮ ಅಡುಗೆಮನೆಯ ಕುಂಟು ಮೇಜಲ್ಲ. ಮಂಚಕ್ಕಿಂತ ದೊಡ್ಡದು, ಉಕ್ಕಿನದು, ಮೈತುಂಬ ಸಾಲುಸಾಲು ತೂತು. ಯಾರಾದರೂ ಬಾಗಿಲನ್ನು ದಡ್ಡನೆ ಹಾಕಿದರೂ ಮೇಲಿರುವ ಕನ್ನಡಿಗಳು ಅಲುಗಬಾರದು ಅಂತ ಅದರ ಕಾಲುಗಳಲ್ಲಿ ಗಾಳಿ ತುಂಬಿದ್ದಾರೆ. ಕೋಣೆ ನೆಲಮಾಳಿಗೆಯಲ್ಲಿದೆ, ಕಿಟಕಿಯಿಲ್ಲ. ಮೇಜಿನ ಒಂದು ತುದಿಗೆ ಲೇಸರ್, ಇನ್ನೊಂದು ತುದಿಗೆ ಬಿಳಿ ಕಾರ್ಡು, ನಡುವೆ ಕಲ್ಲುಸಕ್ಕರೆ ಚೂರಿನಂಥ ಒಂದು ಹರಳು. ಆ ಹರಳಿಗಾಗಿಯೇ ನಾನು ಇಷ್ಟು ದೂರ ಬಂದದ್ದು.

ಈ ಲೇಸರಿನ ಬೆಳಕು ಕೆಂಪಿಗೂ ಆಚೆಯದು, ಕಣ್ಣಿಗೆ ಕಾಣುವುದಿಲ್ಲ. ಅದು ಹರಳನ್ನು ಹೊಕ್ಕು ಆಚೆ ಬರುವಾಗ ಹಸಿರು ಬೆಳಕೂ ಜೊತೆಗೆ ಬರಬೇಕು. ಹೇಗೆ ಅಂತ ಕೇಳುತ್ತೀಯ, ಗೊತ್ತು. ನಿಮ್ಮ ರಂಗಮಂದಿರದ ಹಳೇ ಸ್ಪೀಕರ್ ನೆನಪಿಸಿಕೋ. ಸಣ್ಣಗೆ ಹಾಕಿದರೆ ಕೊಟ್ಟದ್ದನ್ನು ಕೊಟ್ಟ ಹಾಗೇ ಹಾಡುತ್ತದೆ. ಜೋರು ಮಾಡಿದರೆ ಯಾರೂ ಹಾಡದ ಕೀಚಲು ದನಿಯೊಂದನ್ನು ತಾನೇ ಸೇರಿಸುತ್ತದೆ. ಹರಳೂ ಹಾಗೇ. ಬೆಳಕು ಮೆಲ್ಲಗೆ ಬಂದರೆ ಸುಮ್ಮನೆ ಬಿಟ್ಟುಕೊಡುತ್ತದೆ. ಜೋರಾಗಿ ನುಗ್ಗಿದರೆ ಆ ತೂಗಾಟಕ್ಕೆ ಸರಿಯಾಗಿ ತೂಗಲಾರದೆ, ಎರಡರಷ್ಟು ಬೇಗ ಮಿಡಿಯುವ ಇನ್ನೊಂದು ಬೆಳಕನ್ನು ಹುಟ್ಟಿಸುತ್ತದೆ. ಕಾಣದ ಬೆಳಕಿನ ಎರಡು ತುಣುಕು ಕೂಡಿ ಕಾಣುವ ಬೆಳಕಿನ ಒಂದು ತುಣುಕು ಆಗುತ್ತದೆ.

ಮೇಜು ಮೇ ತಿಂಗಳ ಕೊನೆಯವರೆಗೆ ನನ್ನದು. ಅಷ್ಟರೊಳಗೆ ಹಸಿರು ಕಂಡರೆ ಮುಂದಿನ ಮೂರು ವರ್ಷ ಇಲ್ಲೇ ಇರಬಹುದು. ಕಾಣದಿದ್ದರೆ ಮೇಜು ಪಕ್ಕದ ಕೋಣೆಯವರಿಗೆ ಹೋಗುತ್ತದೆ, ನಾನು ಮತ್ತೆ ಶಾಲೆಗೆ, ಮಕ್ಕಳಿಗೆ ಪ್ರಿಸಂ ತೋರಿಸುವ ಕೆಲಸಕ್ಕೆ. ಬಿಟ್ಟು ಬರುವಾಗ ಹೆಡ್‌ಮಿಸ್ “ಬಾಗಿಲು ತೆಗ್ದೇ ಇರುತ್ತೆ” ಅಂದಿದ್ದರು. ಒಳ್ಳೆಯ ಮಾತೇ. ಆದರೆ ಅದು ನೆನಪಾದಾಗಲೆಲ್ಲ ನಾನು ಎದ್ದು ಮೇಜಿನ ಹತ್ತಿರ ಹೋಗುತ್ತೇನೆ.

ನಿನ್ನಿಂದ ಒಂದು ಉಪಕಾರ ಆಗಬೇಕು. ಮೇಜಿನ ಸುತ್ತ ಕಟ್ಟಲು ದಪ್ಪ ಕಪ್ಪು ಪರದೆ ಬೇಕು, ರಂಗಮಂದಿರದಲ್ಲಿ ಹಳೆಯದು ಬಿದ್ದಿರುತ್ತದಲ್ಲ. ಅಳತೆ ಬೇರೆ ಚೀಟಿಯಲ್ಲಿದೆ. ಬದಲಿಗೆ ಒಂದು ಕನ್ನಡಕ ಕಳಿಸುತ್ತಿದ್ದೇನೆ. ಇಲ್ಲಿ ಕನ್ನಡಕ ಹಾಕದೆ ಯಾರೂ ಒಳಗೆ ಕಾಲಿಡುವ ಹಾಗಿಲ್ಲ, ಕಾಣದ ಬೆಳಕೇ ಕಣ್ಣಿಗೆ ಹೆಚ್ಚು ಅಪಾಯ. ಹಳೇ ಕಪಾಟಿನಲ್ಲಿ ಕಿತ್ತಳೆ ಬಣ್ಣದವು ಒಂದಷ್ಟು ಸಿಕ್ಕವು. ಒಂದರ ಪಟ್ಟಿ ಹರಿದಿದೆ, ಬಿಸಾಡುವುದಕ್ಕಿತ್ತು. ನೀನು ಮರ ಕೊಯ್ಯುವಾಗ ಹಾಕಿಕೋ. ಹೊಟ್ಟು ಕಣ್ಣಿಗೆ ಬಿತ್ತು ಅಂತ ಗೊಣಗುವುದಾದರೂ ತಪ್ಪಲಿ.

ನಿನ್ನ ತಂಗಿ


ಜನವರಿ ೨೫

ಮೊಂಡೀ,

ಕಾಗದ ಬಂತು, ಕನ್ನಡಕವೂ ಬಂತು. ಹಾಕಿಕೊಂಡು ಕನ್ನಡಿಯಲ್ಲಿ ನೋಡಿದೆ. ನೊಣದ ಮುಖ.

ನಿನ್ನ ಹಸಿರಿನ ಕಥೆಯನ್ನು ಎರಡು ಸಲ ಓದಿದೆ, ನಂಬಿಕೆ ಬರಲಿಲ್ಲ. ದೀಪದ ಮುಂದೆ ಬಣ್ಣದ ಹಾಳೆ ಇಡುವುದೇ ನನ್ನ ಕಸುಬು. ಹಾಳೆ ಬೆಳಕಿನಿಂದ ಕಿತ್ತುಕೊಳ್ಳುತ್ತದೆಯೇ ಹೊರತು ತನ್ನ ಕೈಯಿಂದ ಚೂರೂ ಹಾಕುವುದಿಲ್ಲ. ಬಿಳಿ ದೀಪದೊಳಗೆ ಹಸಿರು ಮೊದಲೇ ಇರುತ್ತದೆ, ಮಿಕ್ಕದ್ದನ್ನು ಹಾಳೆ ನುಂಗಿ ಅದೊಂದನ್ನು ಬಿಡುತ್ತದೆ. ಕೆಂಪು ದೀಪಕ್ಕೆ ಹಸಿರು ಹಾಳೆ ಇಟ್ಟು ನೋಡು, ಕತ್ತಲೆ. ಇನ್ನು ನೀನು ಹೇಳುವ ಕೂಡುವಿಕೆ. ಎರಡು ದೀಪದ ಬೆಳಕು ರಂಗದ ಮೇಲೆ ಅಡ್ಡ ಹಾಯ್ದರೂ ಒಂದನ್ನೊಂದು ಮಾತಾಡಿಸುವುದಿಲ್ಲ, ತಮ್ಮ ಪಾಡಿಗೆ ತಾವು ಹೋಗುತ್ತವೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವು ಡಿಕ್ಕಿ ಹೊಡೆದದ್ದನ್ನು ನಾನು ಕಂಡಿಲ್ಲ. ನಿನ್ನ ಹರಳಿನೊಳಗೆ ಅವಕ್ಕೆ ಯಾಕೆ ಬುದ್ಧಿ ಬರುತ್ತದೋ, ಬಂದಾಗ ಹೇಳು. ಕಣ್ಣಾರೆ ನೋಡಿ ಒಪ್ಪುತ್ತೇನೆ.

ಪರದೆ ಕಳಿಸಿದ್ದೇನೆ. ಅಂಚಿನೊಳಗೆ ಸಣ್ಣ ಸರಪಳಿ ಇದೆ, ಆ ಭಾರಕ್ಕೆ ಬಟ್ಟೆ ನೆಟ್ಟಗೆ ಇಳಿಯುತ್ತದೆ. ಹೊಲಿಗೆ ಹೇಗಿದೆ ಅಂತ ಮರೆಯದೆ ಬರಿ.

ಇಲ್ಲಿ ಹೊಸ ನಾಟಕದ ತಯಾರಿ. ನಟರ ಉಡುಪು ಹೊಲಿಯುವುದಕ್ಕೆ ಹೊಸಬರೊಬ್ಬರು ಬಂದಿದ್ದಾರೆ. ಹೆಚ್ಚು ಮಾತಿಲ್ಲ, ಆಡಿದರೆ ಕತ್ತರಿ. ನನ್ನ ಮಧ್ಯಾಹ್ನದ ಊಟ ಈಗ ಹೊಲಿಗೆ ಕೋಣೆಯಲ್ಲಿ. ಅಲ್ಲಿ ಒಳ್ಳೇ ಬಿಸಿಲು ಬೀಳುತ್ತದೆ, ಬೇರೇನಿಲ್ಲ.

ಹಸಿರು ಕಂಡೇ ಕಾಣುತ್ತದೆ. ನನ್ನ ನಂಬಿಕೆಗೂ ಅದಕ್ಕೂ ಸಂಬಂಧವಿಲ್ಲ.

ಅಣ್ಣ


ಫೆಬ್ರವರಿ ೧೨

ಅಣ್ಣಾ,

ಪರದೆ ನೋಡಿ ದಂಗಾದೆ. ಅಮ್ಮ ತೀರಿಕೊಂಡ ವರ್ಷ ನನ್ನ ಶಾಲೆಯ ಅಂಗಿಗೆ ನೀನು ಗುಂಡಿ ಹೊಲಿದದ್ದು ನೆನಪಿದೆಯಾ? ಗುಂಡಿಯ ಜೊತೆ ಜೇಬನ್ನೂ ಸೇರಿಸಿ ಹೊಲಿದಿದ್ದೆ. ನಾನು ವರ್ಷವಿಡೀ ಕರ್ಚೀಫನ್ನು ಕೈಯಲ್ಲೇ ಹಿಡಿದುಕೊಂಡು ತಿರುಗಿದೆ. ಆ ಕೈ ಈಗ ಇಂಥ ಹೊಲಿಗೆ ಹಾಕುತ್ತದೆ ಅಂದರೆ ಐವತ್ತು ದಾಟಿದ ಮೇಲೂ ಮನುಷ್ಯ ಸುಧಾರಿಸುತ್ತಾನೆ ಅಂತಾಯಿತು. ಒಂದು ದಾರವೂ ಹೊರಗೆ ಕಾಣುವುದಿಲ್ಲ. ಮೂಲೆಗೆ ಕೈ ತೂರಿಸಲು ಒಂದು ಸೀಳು ಬೇರೆ, ಅದಕ್ಕೊಂದು ಮುಚ್ಚಳ. ನಾನು ಕೇಳಿಯೂ ಇರಲಿಲ್ಲ. ಇಲ್ಲಿ ನನ್ನ ಕೆಲಸ ನೋಡಿಕೊಳ್ಳುವ ಮೇಡಂ ಮುಟ್ಟಿ ಮುಟ್ಟಿ ನೋಡಿದರು.

ಹಸಿರು ಮಾತ್ರ ಇಲ್ಲ.

ತೊಂದರೆ ಏನು ಅಂತ ಹೇಳುತ್ತೇನೆ. ಹರಳಿನ ಮುಂಬಾಗಿಲಲ್ಲಿ ಹುಟ್ಟಿದ ಹಸಿರು, ನಡುಮನೆಯಲ್ಲಿ ಹುಟ್ಟಿದ ಹಸಿರು, ಹಿಂಬಾಗಿಲಲ್ಲಿ ಹುಟ್ಟಿದ ಹಸಿರು, ಎಲ್ಲವೂ ಒಂದೇ ಹೆಜ್ಜೆ ಹಾಕುತ್ತಾ ಬರಬೇಕು. ಹೆಜ್ಜೆ ತಪ್ಪಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಹರಳನ್ನು ಸರಿಯಾದ ಓರೆಯಲ್ಲಿ ನಿಲ್ಲಿಸಿದಾಗ ಮಾತ್ರ ಹೆಜ್ಜೆ ಕೂಡುತ್ತದೆ. ಆ ಓರೆ ಎಲ್ಲಿದೆ ಅಂತ ಹುಡುಕುವುದೇ ನನ್ನ ದಿನಚರಿ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಾರ್ಡು ನೋಡುವುದು, ಮತ್ತೆ ತಿರುಗಿಸುವುದು. ಬೆಳಕು ಅಳೆಯುವ ಮೀಟರು ಇಡೀ ಕಟ್ಟಡಕ್ಕೆ ಒಂದೇ ಇದೆ. ಎಲ್ಲರೂ ಅದಕ್ಕೆ ಕಾಯುತ್ತಾರೆ. “ಮೊದ್ಲು ಕಣ್ಣಿಗೆ ಕಾಣ್ಲಿ, ಆಮೇಲೆ ಮೀಟರು” ಅನ್ನುವುದು ಮೇಡಂ ಕಟ್ಟಳೆ. ತಪ್ಪೇನಿಲ್ಲ.

ನೀನು ಹೇಳಿದ್ದು ನಿಜ, ದೀಪಗಳು ಒಂದನ್ನೊಂದು ಮಾತಾಡಿಸುವುದಿಲ್ಲ. ಮಾತಾಡಿಸಲು ನಡುವೆ ಒಂದು ವಸ್ತು ಬೇಕು, ಅದೂ ಅಲುಗಾಡುವಷ್ಟು ಜೋರು ಬೇಕು. ಆಗ ಲೆಕ್ಕವೇ ಬೇರೆ. ಮಾಮೂಲಿ ಗಾಜಿಗೆ ಎರಡರಷ್ಟು ಬೆಳಕು ಹಾಕಿದರೆ ಎರಡರಷ್ಟೇ ಬರುತ್ತದೆ. ಇಲ್ಲಿ ಎರಡರಷ್ಟು ಹಾಕಿದರೆ ಹಸಿರು ನಾಲ್ಕರಷ್ಟು ಬರಬೇಕು. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಬರುವುದಾದರೆ ತಾನೇ.

ನಿನ್ನ ತಂಗಿ


ಮಾರ್ಚ್ ೨

ಮೊಂಡೀ,

ನಿನ್ನ ಹೊಗಳಿಕೆಯನ್ನು ತಲುಪಿಸಬೇಕಾದ ಕಡೆ ತಲುಪಿಸಿದೆ. ಅಂದರೆ ನನಗೆ ನಾನೇ ಗಟ್ಟಿಯಾಗಿ ಓದಿಕೊಂಡೆ.

ಮನೆಗೆ ಸುಣ್ಣಬಣ್ಣ ಮಾಡಿಸಿದೆ. ನಿನ್ನ ಕೋಣೆಯ ಕಪಾಟನ್ನು ಸ್ವಲ್ಪ ಸರಿಸಿದ್ದೇನೆ, ಪುಸ್ತಕಗಳು ಹಾಗೇ ಇವೆ. ಕಿಟಕಿಗಳಿಗೆ ಹೊಸ ಪರದೆ ಬಂದಿವೆ. ಎರಡು ಹೊಸ ಕಪ್ ತಂದೆ, ಹಳೆಯವು ಬಾಯಿ ಒಡೆದಿದ್ದವು. ಬೀಡಿ ಬಿಟ್ಟೆ. ಬೆಳಿಗ್ಗೆ ನಡೆಯಲು ಹೋಗುತ್ತೇನೆ.

ನಿನಗೊಂದು ವಿಷಯ ಹೇಳಬೇಕು. ಅವಸರವಿಲ್ಲ. ನಿನ್ನ ಮೇಜಿನದು ಒಂದು ದಾರಿಗೆ ಬರಲಿ, ಆಮೇಲೆ ಹೇಳುತ್ತೇನೆ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಅಣ್ಣ


ಮಾರ್ಚ್ ೨೦

ಅಣ್ಣಾ,

ತಲೆ ಕೆಡಿಸಿಕೊಳ್ಳಬೇಡ ಅಂತ ಬರೆದರೆ ಯಾರ ತಲೆ ಕೆಡದೆ ಇರುತ್ತದೆ? ಬೀಡಿಯನ್ನು ಅಮ್ಮ ಹೇಳಿದರೂ ನೀನು ಬಿಡಲಿಲ್ಲ, ನಾನು ಅತ್ತರೂ ಬಿಡಲಿಲ್ಲ. ಈಗ ಬಿಟ್ಟೆ ಅಂದರೆ ಡಾಕ್ಟರು ಹೇಳಿರಬೇಕು. ಬೆಳಿಗ್ಗೆ ನಡೆಯುವುದೂ ಅವರದೇ ಅಪ್ಪಣೆ ಇರಬೇಕು. ಮನೆಗೆ ಬಣ್ಣ ಹೊಡೆಸಿ ಕಪಾಟು ಸರಿಸಿದ್ದು ಮಾರುವುದಕ್ಕಾ? ಎದೆಯದೋ ಹೊಟ್ಟೆಯದೋ, ಏನಿದ್ದರೂ ಮುಚ್ಚಿಡದೆ ಬರಿ.

ಇನ್ನೊಂದು ಮಾತು. ನನ್ನ ಕೋಣೆಯನ್ನು ಖಾಲಿ ಮಾಡಬೇಡ. ಜೂನಿಗೆ ನಾನು ಅಲ್ಲಿಗೇ ಬರಬೇಕಾಗಬಹುದು.

ಹರಳನ್ನು ಈ ತುದಿಯಿಂದ ಆ ತುದಿವರೆಗೆ ತಿರುಗಿಸಿ ಆಯಿತು, ವಾಪಸ್ ಬಂದೂ ಆಯಿತು. ಲೇಸರಿನಲ್ಲಿ ದೋಷವಿಲ್ಲ. ಲೆನ್ಸುಗಳನ್ನು ಬಿಚ್ಚಿ ತೊಳೆದು ಮತ್ತೆ ಕೂರಿಸಿದೆ. ಹೋದ ವಾರ ಮೇಡಂ ಬಂದು ಪರದೆಯೊಳಗೆ ತಲೆ ಹಾಕಿ ನನ್ನ ಜೊತೆ ಬಹಳ ಹೊತ್ತು ಕಾರ್ಡು ನೋಡಿದರು. ಇಬ್ಬರೂ ಕಿತ್ತಳೆ ಕನ್ನಡಕ ಹಾಕಿಕೊಂಡು, ಖಾಲಿ ಕಾರ್ಡಿನ ಮುಂದೆ, ಕೆಟ್ಟುಹೋದ ಟೀವಿ ನೋಡುವವರ ಹಾಗೆ ಕೂತಿದ್ದೆವು. ಹೊರಡುವಾಗ ಅವರು “ಹರಳೇ ಸರಿಯಿಲ್ವೇನೋ ಕಣಮ್ಮ” ಅಂದರು. ಮೆತ್ತಗೆ ಅಂದರು, ಅದೇ ನನಗೆ ಹೆದರಿಕೆಯಾದದ್ದು. ಅವರು ಬೈದಿದ್ದರೆ ಇನ್ನೂ ಆಸೆ ಇದೆ ಅಂತ ತಿಳಿಯುತ್ತಿದ್ದೆ.

ಪಕ್ಕದ ಕೋಣೆಯವರು ಬಂದು ಮೇಜಿನ ಅಳತೆ ತೆಗೆದುಕೊಂಡು ಹೋದರು. ನಾನೇ ಟೇಪಿನ ಒಂದು ತುದಿ ಹಿಡಿದುಕೊಂಡೆ.

ನಿನ್ನ ಆರೋಗ್ಯದ ವಿಷಯ ಮೊದಲು ಬರಿ.

ನಿನ್ನ ತಂಗಿ


ಏಪ್ರಿಲ್ ೬

ಮೊಂಡೀ,

ನನಗೆ ಯಾವ ರೋಗವೂ ಇಲ್ಲ. ಮನೆ ಮಾರುವುದೂ ಇಲ್ಲ. ನಿನ್ನ ಕೋಣೆ ನಿನ್ನದೇ, ಯಾವಾಗ ಬಂದರೂ ಹಾಸಿಗೆ ಹಾಸಿಯೇ ಇರುತ್ತದೆ. ಆದರೆ ಟೇಪ್ ಹಿಡಿದುಕೊಂಡೆ ಅಂತ ಓದಿ ನನಗೆ ಅನ್ನ ಸೇರಲಿಲ್ಲ. ಇನ್ನೊಂದು ಸಲ ಅಳತೆಗೆ ಬಂದರೆ ಟೇಪನ್ನು ಅವರೇ ಹಿಡಿದುಕೊಳ್ಳಲಿ.

ಕಾಲು ಮಾತ್ರ ಉಳುಕಿದೆ. ಅದೂ ನಿನ್ನ ದಯೆಯಿಂದ. ಹೇಳುತ್ತೇನೆ ಕೇಳು, ನಗು ಬಂದರೂ ಬರಲಿ.

ಮೊನ್ನೆ ಕಾಡಿನ ದೃಶ್ಯದ ತಾಲೀಮು. ಅದಕ್ಕೆ ನಾಲ್ಕು ಹಸಿರು ದೀಪ ಕಟ್ಟಿದ್ದೇನೆ, ನನ್ನ ಕೈಯಲ್ಲಿ ಆದ ಕೆಲಸದಲ್ಲೆಲ್ಲ ಚೆಂದವಾದದ್ದು. ರಂಗದ ಹಿಂದೆ ಮರ ಕೊಯ್ಯುತ್ತಿದ್ದವನು ನಿರ್ದೇಶಕರು ಕರೆದರೆಂದು ಹಾಗೇ ಓಡಿಬಂದು ಸ್ವಿಚ್ ಹಾಕಿದೆ. ಕಾಡು ಕತ್ತಲೆ. ನಾಲ್ಕೂ ದೀಪ ಒಟ್ಟಿಗೆ ಹೋಗಿವೆ ಅಂದುಕೊಂಡೆ. ಏಣಿ ಹಾಕಿ ಹತ್ತಿ ಒಂದು ಬಲ್ಬು ಬದಲಾಯಿಸಿದೆ, ಇಲ್ಲ. ಇನ್ನೊಂದು ಬದಲಾಯಿಸಿದೆ, ಇಲ್ಲ. ಕೆಳಗಿನಿಂದ ನಿರ್ದೇಶಕರು “ಏನ್ ಮಾಡ್ತಿದೀಯಪ್ಪಾ, ಎಲ್ಲಾ ಉರೀತಿದೆ” ಅನ್ನುತ್ತಾರೆ. ನಾನು “ನಿಮಗೆ ಕಣ್ಣು ಕಾಣಲ್ಲ” ಅಂತ ಅವರ ಮೇಲೇ ರೇಗಿದೆ. ಮರವಾಗಿ ನಿಂತಿದ್ದ ನಟರೆಲ್ಲ ನಗು ತಡೆಯಲಾರದೆ ಕೊಂಬೆ ಅಲುಗಿಸುತ್ತಿದ್ದರು. ಕಡೆಗೆ ಹೊಲಿಗೆಯವರು ಬಾಯಿಯಲ್ಲಿದ್ದ ಸೂಜಿ ತೆಗೆದು, ಏಣಿಯ ಬುಡಕ್ಕೆ ಬಂದು ನಿಂತು, “ಮೊದ್ಲು ಆ ಕನ್ನಡಕ ತೆಗೀರಿ” ಅಂದರು.

ತೆಗೆದೆ. ಕಾಡೆಲ್ಲ ಹಸಿರು. ಆ ಸಂಭ್ರಮದಲ್ಲಿ ಒಂದು ಮೆಟ್ಟಿಲು ತಪ್ಪಿದೆ.

ಹಾಳೆ ಕಿತ್ತುಕೊಳ್ಳುತ್ತದೆ ಅಂತ ನಿನಗೆ ಪಾಠ ಹೇಳಿದವನು ನಾನು. ಮೂಗಿನ ಮೇಲೆ ಕಿತ್ತಳೆ ಹಾಳೆ ಏರಿಸಿಕೊಂಡು ಹಸಿರು ಹುಡುಕಿದವನೂ ನಾನೇ. ಹೊಲಿಗೆಯವರು ಮೂರು ದಿನದಿಂದ ಮನೆಗೇ ಬಂದು ಕಾಲಿಗೆ ಪಟ್ಟಿ ಕಟ್ಟಿ ಹೋಗುತ್ತಿದ್ದಾರೆ. ಪಟ್ಟಿಯನ್ನೂ ಅಂಚು ಮಡಚಿ ಕಟ್ಟುತ್ತಾರೆ.

ಹೇಳಬೇಕಾದ ವಿಷಯ ಹಾಗೇ ಇದೆ. ಒಳ್ಳೆಯದೇ, ಹೆದರಬೇಡ.

ಅಣ್ಣ


ಏಪ್ರಿಲ್ ೧೩

ಅಣ್ಣಾ,

ಹಸಿರು ಬಂತು.

ಇಲ್ಲ, ಮೊದಲಿಂದ ಹೇಳುತ್ತೇನೆ. ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೆ. ಏಣಿ ಹತ್ತಿ ಬಲ್ಬು ಬದಲಾಯಿಸಿದೆ ಅನ್ನುವಲ್ಲಿ ನಗು ಬಂತು. “ಕನ್ನಡಕ ತೆಗೀರಿ” ಅನ್ನುವಲ್ಲಿ ನಗು ನಿಂತುಹೋಯಿತು. ಟೀ ಅಲ್ಲೇ ಬಿಟ್ಟು ಕೆಳಗೆ ಓಡಿದೆ.

ಕಿತ್ತಳೆ ಕನ್ನಡಕದ ಚೌಕಟ್ಟಿನ ಒಳಬದಿಯಲ್ಲಿ, ಅದು ಯಾವ ಯಾವ ಬೆಳಕನ್ನು ತಡೆಯುತ್ತದೆ ಅಂತ ಸಣ್ಣಗೆ ಅಚ್ಚು ಹಾಕಿರುತ್ತಾರೆ. ನಾನು ಮೊದಲನೇ ಅಂಕಿ ನೋಡಿದ್ದೆ, ನಮ್ಮ ಲೇಸರಿನದು, ಸರಿ ಅಂತ ಹಾಕಿಕೊಂಡೆ. ಎರಡನೆಯದು ಸವೆದು ಮಸುಕಾಗಿತ್ತು. ಟಾರ್ಚ್ ಹಿಡಿದು ನೋಡಿದರೆ ಅದು ಹಸಿರು ಬೆಳಕಿನ ಅಂಕಿ. ನಮಗಿಂತ ಮುಂಚೆ ಆ ಕೋಣೆಯಲ್ಲಿದ್ದವರು ಹಸಿರು ಬೆಳಕಿನಲ್ಲೇ ಕೆಲಸ ಮಾಡುತ್ತಿದ್ದರಂತೆ. ಜೋರಾದ ಹಸಿರಿನಿಂದ ಕಣ್ಣು ಕಾಯಲು ಮಾಡಿದ ಕನ್ನಡಕ ಅದು. ಹಸಿರು ಸಿಕ್ಕವರು ಹಾಕಿಕೊಳ್ಳಬೇಕಾದದ್ದನ್ನು ನಾನು ಹುಡುಕುವಾಗಲೇ ಹಾಕಿಕೊಂಡು ಕೂತಿದ್ದೆ. ಮೇಡಂ ಕಣ್ಣಿಗೂ ಅದನ್ನೇ ತೊಡಿಸಿದ್ದೆ.

ಕಪಾಟಿನಲ್ಲಿ ಮೇಡಂ ಹಳೇ ಕನ್ನಡಕ ಇತ್ತು, ತಿಳಿ ಬಣ್ಣದ್ದು, ಕಾಣದ ಬೆಳಕನ್ನಷ್ಟೇ ತಡೆಯುವಂಥದು. ಎರಡೂ ಅಂಕಿ ಓದಿ, ಮತ್ತೊಮ್ಮೆ ಓದಿ ಹಾಕಿಕೊಂಡೆ. ಪರದೆ ಎಳೆದೆ. ಲೇಸರ್ ಹಚ್ಚಿದೆ. ಮೂಲೆಯ ಸೀಳಿನಲ್ಲಿ ಕೈ ತೂರಿಸಿ ತಿರುಪನ್ನು ಮೆಲ್ಲಗೆ ತಿರುಗಿಸುತ್ತಾ ಹೋದೆ. ಒಂದು ಕಡೆ ಕಾರ್ಡಿನ ಮೇಲೆ ಹೆಸರುಕಾಳಿನಷ್ಟು ಹಸಿರು ಮೂಡಿತು. ಸ್ವಲ್ಪ ತಿರುಗಿಸಿದೆ, ಹೋಯಿತು. ವಾಪಸ್ ತಿರುಗಿಸಿದೆ, ಬಂತು. ಎಂಥ ಹಸಿರು ಅಂತ ಹೇಗೆ ಬರೆಯಲಿ, ಯಾವುದರಿಂದಲೂ ಕಿತ್ತುಕೊಂಡದ್ದಲ್ಲ, ಅಲ್ಲೇ ಹುಟ್ಟಿದ್ದು. ನನಗೆ ಅಳು ಬಂದು ಕನ್ನಡಕ ಮಂಜಾಯಿತು. ತೆಗೆದು ಒರೆಸಿಕೊಳ್ಳುವ ಹಾಗಿಲ್ಲವಲ್ಲ, ಲೇಸರ್ ಆರಿಸಿ ಒರೆಸಿಕೊಂಡು ಮತ್ತೆ ಹಚ್ಚಿದೆ. ಫೆಬ್ರವರಿಯಿಂದ ಅದು ಎಷ್ಟು ಸಲ ಬಂದು ನನ್ನ ಮುಂದೆ ನಿಂತು ಹೋಗಿದೆಯೋ.

ಮೇಡಂಗೆ ತೋರಿಸಿ, ಕಾರಣವನ್ನೂ ಹೇಳಿದೆ. ನಕ್ಕೂ ನಕ್ಕೂ ನೆಲದ ಮೇಲೆ ಕೂತುಬಿಟ್ಟರು. “ಯಾರಿಗೂ ಹೇಳ್ಬೇಡ, ನನ್ನ ಮರ್ಯಾದೆನೂ ಹೋಗುತ್ತೆ” ಅಂದವರು, ಸಂಜೆಯೊಳಗೆ ತಾವೇ ಇಡೀ ಕಟ್ಟಡಕ್ಕೆ ಹೇಳಿಬಂದರು. ಮರುದಿನ ಮೀಟರು ಬಂತು. ಎರಡರಷ್ಟು ಹಾಕಿದೆ, ನಾಲ್ಕರಷ್ಟು ಬಂತು. ಮೇಜು ನನ್ನದು, ಮೂರು ವರ್ಷಕ್ಕೆ. ಪಕ್ಕದ ಕೋಣೆಯವರು ತಾವೇ ಬಂದು ಕೈ ಕುಲುಕಿದರು, ಒಳ್ಳೆಯವರು.

ಇನ್ನು ನಿನ್ನ ವಿಷಯ. ಖುಷಿಯಲ್ಲಿ ನಿನ್ನ ಕಾಗದಗಳನ್ನೆಲ್ಲ ಮೊದಲಿಂದ ಓದಿದೆ, ಈ ಸಲ ಕನ್ನಡಕವಿಲ್ಲದೆ. ಪ್ರತಿಯೊಂದರಲ್ಲೂ ಹೊಲಿಗೆಯವರಿದ್ದಾರೆ. ಬಿಸಿಲು ಬೀಳುವ ಕೋಣೆ, ಎರಡು ಕಪ್, ಹೊಸ ಪರದೆ, ಬಿಟ್ಟ ಬೀಡಿ. ಜೇಬು ಸೇರಿಸಿ ಗುಂಡಿ ಹೊಲಿಯುವ ಮನುಷ್ಯ ಅಂಥ ಪರದೆ ಹೊಲಿಯುತ್ತಾನೆ ಅಂತ ನಾನು ನಂಬಿದೆನಲ್ಲ, ನನ್ನ ಬುದ್ಧಿಗಿಷ್ಟು. ನನಗೆ ಹಿಂತಿರುಗಲು ಕೋಣೆ ಬೇಕಾಗುತ್ತದೇನೋ ಅಂತ ನೀನು ಅವರನ್ನು ಕಾಯಿಸಿದ್ದೀಯ, ಅಲ್ಲವಾ? ನನ್ನ ಹಸಿರು ಕಾಣುವ ತನಕ ನೀನು ಬಾಯಿ ಬಿಡಬಾರದು ಅಂತ.

ಕಾಯಿಸಿದ್ದು ಸಾಕು. ಕಾಲು ವಾಸಿಯಾದ ಕೂಡಲೇ ಇಬ್ಬರೂ ಬನ್ನಿ. ತಿಳಿ ಬಣ್ಣದ ಕನ್ನಡಕ ಎರಡು ತೆಗೆದಿಟ್ಟಿದ್ದೇನೆ. ಅಂಕಿ ಓದಿದ್ದೇನೆ.

ನಿನ್ನ ತಂಗಿ


ಮೇ ೧೧

ಮೊಂಡೀ,

ನಿನ್ನಲ್ಲಿಂದ ಹೊರಟವರು ಸುಖವಾಗಿ ಮನೆ ತಲುಪಿದೆವು. ರೈಲಿನಲ್ಲಿ ಇಡೀ ದಾರಿ ಇವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ನಾನು ಏನು ಯೋಚನೆ ಅಂತ ಕೇಳಿದರೆ “ಆ ಪರದೆಗೆ ಇನ್ನೊಂದು ಸೀಳು ಬೇಕಿತ್ತು, ಎಡಗೈಗೆ” ಅಂದಳು. ಅಳತೆ ಕಳಿಸು.

ಕಾರ್ಡಿನ ಮುಂದೆ ನಾನು “ಇಷ್ಟೇನಾ” ಅಂದದ್ದಕ್ಕೆ ನೀನು ಮುಖ ಸಣ್ಣದು ಮಾಡಿಕೊಂಡೆ. ಹಾಗೆ ಅನ್ನದಿದ್ದರೆ ನಾನು ನಿಮ್ಮಿಬ್ಬರ ಮುಂದೆ ಅತ್ತುಬಿಡುತ್ತಿದ್ದೆ, ಅದಕ್ಕೇ ಅಂದೆ. ಒಪ್ಪಿದ್ದೇನೆ ಕಣೇ. ನನ್ನ ಯಾವ ದೀಪದಲ್ಲೂ ಅಂಥ ಹಸಿರು ಇಲ್ಲ. ಅಮ್ಮ ಇದ್ದಿದ್ದರೆ ಅದನ್ನು ಕೈಯಲ್ಲಿ ಹಿಡಿಯಲು ಹೋಗಿರುತ್ತಿದ್ದಳು.

ಮುಂದಿನ ತಿಂಗಳು ಹದಿನಾಲ್ಕಕ್ಕೆ ನೋಂದಣಿ ಕಚೇರಿಯಲ್ಲಿ ಮದುವೆ. ಬೆಳಿಗ್ಗೆಯೇ ಕರೆಯುತ್ತಾರಂತೆ, ಹಿಂದಿನ ದಿನವೇ ಬಂದುಬಿಡು, ನಿನ್ನ ಹಾಸಿಗೆ ಹಾಸಿದೆ. ಸಾಕ್ಷಿ ಸಹಿ ನಿನ್ನದು. ಐವತ್ತಮೂರರ ಮದುಮಗ ಅಂತ ನಟರು ಈಗಲೇ ಕಾಡಲು ಶುರು ಮಾಡಿದ್ದಾರೆ, ನನಗೆ ಅದೂ ಹಿತವಾಗಿಯೇ ಇದೆ. ಇವಳು ತನ್ನ ಬಟ್ಟೆಯನ್ನು ಯಾರಿಗೂ ತೋರಿಸದೆ ಹೊಲಿದುಕೊಳ್ಳುತ್ತಿದ್ದಾಳೆ. ನಾನು ಕದ್ದು ನೋಡಿದೆ.

ನೀನು ಏನೂ ತರದಿದ್ದರೂ ನಡೆಯುತ್ತದೆ. ಆ ಕಿತ್ತಳೆ ಕನ್ನಡಕವನ್ನು ಮಾತ್ರ ಹಾಕಿಕೊಂಡು ಬರಬೇಡ. ಬಟ್ಟೆ ಹಸಿರು.

ಅಣ್ಣ